ಕಾಂಬೋಡಿಯಾ ಕಾಣದ ಉಪ್ಪಾಗೆ

ನಿನ್ನೆ ಶಿವಮೊಗ್ಗದ ಒಂದು ಮೆಡಿಕಲ್ ಶಾಪ್‌ನಲ್ಲಿ ನಿಂತಿದ್ದೆ. ತೂಕ ಇಳಿಸುವ ಮಾತ್ರೆ ಡಬ್ಬಿ ತೋರಿಸಿ ಅಂಗಡಿ ಹುಡುಗ ಯಾರಿಗೋ ಹೇಳುತ್ತಿದ್ದ: "ಗಾರ್ಸೀನಿಯಾ ಕ್ಯಾಂಬೋಜಿಯಾ ಮೇಡಂ. ಫಾರಿನ್ ಹಣ್ಣು, ನಮ್ಮ ಕಡೆ ಬೆಳೆಯಲ್ಲ."

ಫಾರಿನ್ನಂತೆ! ಅದು ನಮ್ಮ ಮಲೆನಾಡಿನ ಉಪ್ಪಾಗೆ ಮಾರಾಯ, ಸಾರಿಗೆ ಹಾಕುವ ಹುಳಿ ಹಣ್ಣು.

ಸಾಗರ, ಹೊಸನಗರದವರಿಗೆ ನಾನು ಹೇಳಬೇಕಾಗಿಲ್ಲ. ಪುಟ್ಟ ಕುಂಬಳಕಾಯಿ ಹಾಗೆ ಗೀರು ಬಿದ್ದ ಹಳದಿ ಹಣ್ಣು. ಅದು ಉದುರುವುದೇ ಜಡಿಮಳೆಯಲ್ಲಿ. ಬಿಸಿಲೆಲ್ಲಿ ಬರಬೇಕು? ಸಿಪ್ಪೆ ಬಿಡಿಸಿ ಬೆಂಕಿ ಮೇಲೆ ಒಣಗಿಸಬೇಕು. ಕರ್ರಗಾಗುವವರೆಗೆ ಮನೆಯೆಲ್ಲ ಹೊಗೆ. ಬೀಜದಿಂದ ತುಪ್ಪ ಬೇರೆ. ನಾನು ಆ ಹೊಗೆಯಲ್ಲೇ ಕೆಮ್ಮಿಕೊಂಡು ಬೆಳೆದವನು, ಕೋಪ ಬರದೆ ಇರುತ್ತಾ?

ಇದಕ್ಕೆಲ್ಲ ಮೂಲ ಗಿಡಮರಗಳಿಗೆ ಲ್ಯಾಟಿನ್ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಸಾಹೇಬರು. 1754ರಲ್ಲಿ ಈ ಮರಕ್ಕೆ 'ಕ್ಯಾಂಬೋಜಿಯಾ ಗುಮ್ಮಿ-ಗುಟ್ಟಾ' ಅಂತ ಹೆಸರಿಟ್ಟರು. ಗುಮ್ಮಿ-ಗುಟ್ಟಾ ಅಂದರೆ ಚಿತ್ರಕಾರರು ಬಳಸುತ್ತಿದ್ದ ಹಳದಿ ಅಂಟು. ಕಾಂಬೋಡಿಯಾ ಕಡೆಯಿಂದ ಯುರೋಪಿಗೆ ಹೋಗುತ್ತಿತ್ತು, ಅದಕ್ಕೇ ಕ್ಯಾಂಬೋಜಿಯಾ. ಆ ಅಂಟು ಈ ಮರದ್ದೇ ಅಂದುಕೊಂಡುಬಿಟ್ಟರು. ಅದು ನಿಜವಾಗಿ ಬರುವುದು ಆ ಕಡೆ ಬೆಳೆಯುವ ಗಾರ್ಸೀನಿಯಾ ಹ್ಯಾನ್‌ಬರಿ ಅನ್ನುವ ಬೇರೆ ಮರದಿಂದ. ಲಿನೇಯಸ್ ಭಾರತಕ್ಕೆ ಬಂದವರೇ ಅಲ್ಲ. ಆದರೆ 1678ರಲ್ಲೇ ಬಂದ, ಮಲಬಾರಿನ ಗಿಡಮರಗಳ ಪುಸ್ತಕ 'ಹೊರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟದಲ್ಲಿ ಇದೇ ಮರದ ಚಿತ್ರ ಇದೆ, ಕೊಡಂಪುಳಿ ಅನ್ನುವ ಮಲಯಾಳಂ ಹೆಸರಿನ ಜೊತೆ. ಊರವರು ಕರೆಯುವ ಹೆಸರು ಕಣ್ಣೆದುರಿಗೇ ಇತ್ತು!

ಈಗಿನ ಸರಿಯಾದ ಹೆಸರು ಗಾರ್ಸೀನಿಯಾ ಗುಮ್ಮಿ-ಗುಟ್ಟಾ. ಗಾರ್ಸೀನಿಯಾ ಬಂದಿದ್ದು ಲೊರಾಂ ಗಾರ್ಸಿನ್ ಅನ್ನುವ ಸಸ್ಯವಿಜ್ಞಾನಿಯಿಂದ. ಅಂದರೆ ಯಾರದೋ ಹೆಸರು, ಯಾವುದೋ ಮರದ ಅಂಟು. ಹುಳಿ ಮಾತ್ರ ನಮ್ಮದು.

ಬಾಟನಿ ಮೇಷ್ಟ್ರು ಗೆಳೆಯರು ಈಗ ಬರುತ್ತಾರೆ, ಗೊತ್ತು. ಹೆಸರು ಹೊಂದಲ್ಲ ಅಂತ ಬದಲಾಯಿಸಲು ನಿಯಮ ಇಲ್ಲ, ಮೊದಲು ಇಟ್ಟದ್ದಕ್ಕೇ ಮಾನ್ಯತೆ ಅಂತ. ಉಪ್ಪಾಗೆಯಲ್ಲೂ ಹಳದಿ ಅಂಟು ಒಸರುತ್ತೆ, ಲಿನೇಯಸ್ ತಪ್ಪು ತಿಳಿದದ್ದರಲ್ಲಿ ಆಶ್ಚರ್ಯ ಇಲ್ಲ ಅಂತಲೂ ಹೇಳುತ್ತಾರೆ. ಒಪ್ಪಿದೆ ಸ್ವಾಮಿ, ನಿಮ್ಮ ನಿಯಮ ನಿಮಗಿರಲಿ. ಡಬ್ಬಿಯವರು ಅದನ್ನಾದರೂ ಪಾಲಿಸುತ್ತಾರಾ? ಕ್ಯಾಂಬೋಜಿಯಾ ಬಿಟ್ಟು ಗುಮ್ಮಿ-ಗುಟ್ಟಾ ಅಂತ ಬರೆದರೆ ಯಾರು ಕೊಳ್ಳುತ್ತಾರೆ ಹೇಳಿ!

ಅಂದಹಾಗೆ 1998ರಲ್ಲೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ, ಔಷಧಿಯೇ ಇಲ್ಲದ ಬರೀ ಸುಳ್ಳು ಮಾತ್ರೆಗಿಂತ ಇದರಿಂದ ತೂಕವೇನೂ ಜಾಸ್ತಿ ಇಳಿಯಲಿಲ್ಲ ಅಂತ ಬರೆದಿದ್ದಾರೆ. ಸುಮ್ನೆ ಸಾರಿಗೆ ಹಾಕಿ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಅದೇ ಘಟ್ಟದ, ಅದೇ ಗಾರ್ಸೀನಿಯಾ ಕುಲದ ಮುರುಗಲಿಗೆ ಏನಂತ ಹೆಸರಿಟ್ಟಿದ್ದಾರೆ ಗೊತ್ತಾ? ಗಾರ್ಸೀನಿಯಾ ಇಂಡಿಕಾ!