ಬುಲೆಟ್ ನಿಂತೋಯ್ತು, ಈಗೇನ್ಮಾಡೋದು

ಯಾರಿಗೂ ಬೇಡದ ಮಾಲನ್ನ ಕಂಪನಿಯೋರು ಯಾವತ್ತೂ ನಿಲ್ಸಲ್ಲ, ನಮಗೆ ಒಗ್ಗಿಹೋಗಿರೋದನ್ನೇ ಹುಡುಕಿ ಹುಡುಕಿ ನಿಲ್ಲಿಸ್ತಾರೆ. ಶಾಂಪೂ, ಪೆನ್ನು, ಚಪ್ಪಲಿ ಎಲ್ಲದ್ರಲ್ಲೂ ಇದನ್ನ ಅನುಭವಿಸಿದೀನಿ, ಹೆಂಗೋ ಸಹಿಸ್ಕೊಂಡೆ, ಆದ್ರೆ ಈ ಸಲ ನಿಲ್ಸಿರೋದು ನನ್ನ ಕೋವಿಯ ಬುಲೆಟ್ಟು. (ಪರ್ಮಿಟ್ ಕೊಟ್ಟು ಬೇಟೆಗೆ ಬಿಡೋ ದೇಶದಲ್ಲೇ ಇದ್ದೀನಿ, ದಯವಿಟ್ಟು ಯಾರೂ ಫಾರೆಸ್ಟ್ ಆಫೀಸಿಗೆ ಫೋನ್ ಮಾಡೋಕೆ ಹೋಗ್ಬೇಡಿ.)

ಬುಲೆಟ್ಟು ಅಂದ್ರೆ ಇಡೀ ತೋಟೆ ಅಲ್ಲ, ತೋಟೆ ಮೂತಿಲಿ ಕೂತಿರತ್ತಲ್ಲ ಆ ಗುಂಡು ಮಾತ್ರ. 150 ಗ್ರೇನ್ ತೂಕ, ಅಂದ್ರೆ ಹತ್ತು ಗ್ರಾಮೂ ಇಲ್ಲ, 9.7. ಒಳಗೆ ಸೀಸ, ಮೇಲೆ ತಾಮ್ರದ ಜಾಕೆಟ್ಟು, ಹಿಂಭಾಗ ಚಪ್ಪಟೆ. ನೋಡೋಕೆ ಏನೇನೂ ಇಲ್ಲ, ಆದ್ರೆ ನನ್ನ ಕೋವಿಗೂ ಅದಕ್ಕೂ ಜಾತಕ ಕೂಡಿಬಂದಿತ್ತು. ತೋಟೆನ ನಾನೇ ತುಂಬ್ಕೊಳ್ಳೋನು, ಹಂಗಾಗಿ ಯಾವ ಮದ್ದು, ಎಷ್ಟು ತೂಕ, ಮದ್ದಿಗೆ ಕಿಡಿ ಹೊತ್ಸೋ ಕೇಪು ಯಾವ್ದು, ಗುಂಡನ್ನ ಕೇಸೊಳಗೆ, ಅಂದ್ರೆ ಮದ್ದು ತುಂಬೋ ಕೊಳವೆಯೊಳಗೆ, ಎಷ್ಟು ಆಳಕ್ಕೆ ಕೂರಿಸ್ಬೇಕು, ಸ್ಕೋಪನ್ನ ಎಲ್ಲಿಗೆ ತಿರುಗಿಸಿ ಬಿಡ್ಬೇಕು, ಎಲ್ಲ ಅದಕ್ಕೆ ಅಂತ್ಲೇ ಹೊಂದ್ಸಿ ನೋಟ್‌ಬುಕ್ಕಲ್ಲಿ ಬರೆದಿಟ್ಟು, ಆಮೇಲೆ ಆ ನೋಟ್‌ಬುಕ್ ತೆಗೆಯೋ ಅಗತ್ಯವೇ ಬೀಳದಂಗೆ ಆರಾಮಾಗಿದ್ದೆ. ನಿಜ ಹೇಳ್ಬೇಕು ಅಂದ್ರೆ ನಾನು ಕಳ್ಕೊಂಡಿದ್ದು ಬುಲೆಟ್ಟಲ್ಲ, ಆ ಸೋಮಾರಿತನ.

ಗೆಳೆಯರದ್ದೆಲ್ಲ ಒಂದೇ ಮಾತು, 150 ತಾನೇ, ಇನ್ನೊಂದು ಕಂಪನಿದು 150 ತಗೋ, ಅಷ್ಟಕ್ಕೆ ಯಾಕೆ ಮುಖ ಬಾಡಿಸ್ಕೊಂಡು ಕೂತಿದೀಯ ಅಂತ. ತೂಕ ಒಂದೇ ಆದ್ರೆ ಗುಂಡು ಒಂದೇ ಆಗತ್ತಾ? ಈಗ ಎಲ್ಲರೂ ತೋರ್ಸೋದು ಪೂರ್ತಿ ತಾಮ್ರದ ಬುಲೆಟ್ಟು. ಸೀಸದ ಸಾಂದ್ರತೆ 11.34, ತಾಮ್ರದ್ದು 8.96, ಹಂಗಾಗಿ ಅದೇ ತೂಕ ಬರ್ಬೇಕು ಅಂದ್ರೆ ತಾಮ್ರದ ಗುಂಡು ಉದ್ದ ಆಗ್ಲೇಬೇಕು, ದಪ್ಪ ಮಾಡೋಕಂತೂ ನಳಿಗೆ ಬಿಡಲ್ಲ. ಉದ್ದ ಆದ್ರೆ ಗಾಳೀಲಿ ತಲೆಕೆಳಗಾಗದೆ ಹೋಗೋಕೆ ಇನ್ನೂ ಜೋರಾಗಿ ಸುತ್ತಬೇಕು, ಸುತ್ತಿಸೋದು ನಳಿಗೆ ಒಳಗಿನ ಸುರುಳಿ ಗೀರು, ಅದನ್ನ ಕೋವಿ ಮಾಡೋವಾಗ್ಲೇ ಕೊರೆದಾಗಿದೆ, ನನ್ನ ಕೇಳಿಲ್ಲ. ಗ್ರೀನ್‌ಹಿಲ್ ಅನ್ನೋ ಬ್ರಿಟಿಷ್ ಗಣಿತಜ್ಞ 1879ರಲ್ಲೇ ಇದಕ್ಕೊಂದು ಸೂತ್ರ ಬರೆದಿಟ್ಟಿದಾನೆ, ಅದ್ರಲ್ಲಿ ಗುಂಡಿನ ಉದ್ದ ದಪ್ಪ ಎರಡೂ ಬರತ್ತೆ, ಗ್ರೇನ್ ಲೆಕ್ಕ ಬರೋದೇ ಇಲ್ಲ, ನಮ್ಮ ಗೆಳೆಯರು ಮಾತ್ರ ಇನ್ನೂ ಗ್ರೇನ್ ಹತ್ರನೇ ಇದಾರೆ. ಸಾಲದ್ದಕ್ಕೆ ಉದ್ದದ ಗುಂಡು ಕೇಸೊಳಗೆ ಇಳಿದು ಮದ್ದಿನ ಜಾಗ ತಿನ್ನತ್ತೆ, ಒತ್ತಡ ಬದಲಾಗತ್ತೆ, ಹಳೇ ಅಳತೆ ಮದ್ದನ್ನ ಹಂಗೇ ಸುರಿದ್ರೆ ಕೋವಿ ಜೊತೆ ಮುಖಕ್ಕೂ ಅಪಾಯ. ಆ ಬುಲೆಟ್ಟಿಗೆ ಅಂತ್ಲೇ ಇರೋ ಮ್ಯಾನ್ಯುಯಲ್ ತೆಗೆದು ಕನಿಷ್ಠ ಅಳತೆಯಿಂದ ಮತ್ತೆ ಅ ಆ ಇ ಈ.

ತಾಮ್ರದ್ದು ಕೆಟ್ಟದ್ದು ಅಂತಲ್ಲ. ಸತ್ತ ಪ್ರಾಣಿಯೊಳಗೆ ಉಳಿದ ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯ್ತಿದ್ವು, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸೋ ಹಾಗೇ ಇಲ್ಲ. ಹದ್ದಿನ ಮೇಲೆ ನಂಗೇನೂ ಸಿಟ್ಟಿಲ್ಲ, ಸಿಟ್ಟಿರೋದು ನನ್ನ ನಳಿಗೆ ಮೇಲೆ, ತಾಮ್ರ ಹಾಕಿದ್ರೆ ಗುರಿ ಇಡೋ ಪೇಪರ್ ಮೇಲೆ ಒಂದು ತೂತು ಬಲಕ್ಕೆ ಒಂದು ಎಡಕ್ಕೆ, ಮೂರನೇದು ಎಲ್ಲಿ ಅಂತ ಹುಡುಕೋಕೆ ಬೈನಾಕ್ಯುಲರ್.

ಇಷ್ಟರಲ್ಲಿ ನನ್ನ ಭಾವಮೈದ, ಪಾಪ ಒಳ್ಳೇ ಹುಡುಗ, ನನ್ನ ಸಂಕಟ ನೋಡಲಾರ್ದೆ ಒಂದು ಡಬ್ಬಿ ಬುಲೆಟ್ ತಂದುಕೊಟ್ಟ.

"ಭಾವ, 308 ಸಿಗ್ಲಿಲ್ಲ, 303 ಸಿಕ್ತು, ಹತ್ರ ಹತ್ರನೇ ಅಲ್ವಾ? ಸ್ವಲ್ಪ ಸಣ್ಣ, ಸಲೀಸಾಗಿ ಹೋಗತ್ತೆ."

ತಪ್ಪು ಅವನದಲ್ಲ, ಹೆಸರಿಟ್ಟೋರದ್ದು. 303 ಅಂತ ಕರೆಯೋ ಬ್ರಿಟಿಷ್ ಕೋವಿಯ ಗುಂಡಿನ ಅಡ್ಡಳತೆ .311 ಇಂಚು, ನನ್ನ ಗುಂಡಿನ .308 ಇಂಚಿಗಿಂತ ದಪ್ಪ! ಇದೇ ಥರ .38 ಸ್ಪೆಷಲ್ ಅನ್ನೋ ರಿವಾಲ್ವರ್ ತೋಟೆಯ ಗುಂಡು .357. ಈ ಲೋಕದಲ್ಲಿ ನಂಬರ್ ಇಡೋದು ಮಕ್ಕಳಿಗೆ ಮುದ್ದಿನ ಹೆಸರು ಇಟ್ಟಂಗೆ, ಅಳತೆಗೂ ಅದಕ್ಕೂ ಸಂಬಂಧ ಇರ್ಲೇಬೇಕು ಅಂತೇನಿಲ್ಲ. "ತುಂಬಾ ಥ್ಯಾಂಕ್ಸ್ ಕಣೋ" ಅಂದು ಡಬ್ಬೀನ ಕರೆಂಟ್ ಬಿಲ್ ಹಾರಿಹೋಗದಂಗೆ ಮೇಲಿಟ್ಟೆ, ಆ ಕೆಲಸದಲ್ಲಿ ನಿಜವಾಗ್ಲೂ ಉತ್ತಮ ಬುಲೆಟ್ಟು.

ಕಂಪನಿಗೆ ಬರೆದೆ. ಇನ್ನೂ ಒಳ್ಳೇದೊಂದಿದೆ, ಮೂತಿಗೆ ಪ್ಲಾಸ್ಟಿಕ್ ತುದಿ ಇರೋದು, ಅದನ್ನ ನೋಡಿ ಅಂತ ಉತ್ತರ ಬಂತು. ಆ ತುದಿಯಿಂದ ಗಾಳಿ ಸೀಳ್ಕೊಂಡು ಹೋಗತ್ತೆ, ಬಡಿದ ತಕ್ಷಣ ಅರಳತ್ತೆ, ಎಲ್ಲಾ ನಿಜ, ಆದ್ರೆ ಪ್ಲಾಸ್ಟಿಕ್ಕಿಗೆ ತೂಕ ಎಲ್ಲಿದೆ, ಮತ್ತೆ ಉದ್ದನೇ ಜಾಸ್ತಿ ಆಗೋದು.

ಮನೇಲಿ ನನ್ನ ಹೆಂಡತಿ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, "ರೀ, ಅಷ್ಟು ಬೇಜಾರಿದ್ರೆ ನೀವೇ ಮಾಡ್ಕೊಳಿ" ಅಂದ್ಲು. ತಮಾಷೆ ಅಂದ್ರೆ ಒಬ್ಬ ಹಂಗೇ ಮಾಡಿದಾನೆ. ಜಾನ್ ನೋಸ್ಲರ್ ಅಂತ, 1946ರಲ್ಲಿ ಮೈಗೆಲ್ಲ ಕೆಸರು ಮೆತ್ಕೊಂಡಿದ್ದ ಮೂಸ್ ಅನ್ನೋ ದೈತ್ಯ ಜಿಂಕೆ ಮೇಲೆ ಅವನ ಬುಲೆಟ್ಟು ಕೈಕೊಡ್ತು, ಒಳಕ್ಕೆ ಇಳೀಲೇ ಇಲ್ಲ. ಮನೆಗೆ ಬಂದು ಮಧ್ಯದಲ್ಲಿ ಗೋಡೆ ಇರೋ ಹೊಸಾ ಬುಲೆಟ್ಟೇ ಮಾಡ್ದ, 1948ರಲ್ಲಿ ಕಂಪನಿ ಕಟ್ದ, ಆ ಪಾರ್ಟಿಷನ್ ಬುಲೆಟ್ ಇವತ್ತಿಗೂ ಮಾರಾಟ ಆಗತ್ತೆ. ಅವನ ಹತ್ರ ಯಂತ್ರ ಇತ್ತು, ತಲೇನೂ ಇತ್ತು. ನನ್ನ ಹತ್ರ ಸ್ಕ್ರೂಡ್ರೈವರ್ ಸೆಟ್ಟಿದೆ, ಅದ್ರಲ್ಲೂ ಬೇಕಾದ ಸೈಜೇ ಕಾಣೆ.

ಕೊನೆಗೆ ಒಗ್ಗಿದ್ದು 165 ಗ್ರೇನಿಂದು, ಸೀಸದ ಒಳಭಾಗ, ಹಿಂದೆ ಚಪ್ಪಟೆ. ಯಾರೂ ಹೇಳಿರ್ಲಿಲ್ಲ, ಎಲ್ಲರೂ 150ಕ್ಕೇ ಅಂಟ್ಕೊಂಡಿದ್ರಲ್ಲ. ಹಳೇದಕ್ಕಿಂತ ಸ್ವಲ್ಪ ನಿಧಾನ, ಸ್ವಲ್ಪ ಕೆಳಗೆ ಬೀಳತ್ತೆ, ಸ್ಕೋಪ್ ತಿರುಗ್ಸಿದ್ರೆ ಆಯ್ತು. ಇದೂ ನಿಂತೋದ್ರೆ ಅನ್ನೋ ಭಯಕ್ಕೆ ಒಂದೇ ಲಾಟ್ ನಂಬರಿನ ಡಬ್ಬಿಗಳನ್ನ ಎಷ್ಟು ಸಿಕ್ತೋ ಅಷ್ಟು ಬಾಚ್ಕೊಂಡು ಬಂದು ಬೀರುವಿನ ಕೆಳಗಿನ ಅರೇಲಿ ಜೋಡ್ಸಿದೀನಿ. ನನ್ನ ಹೆಂಡತಿ ಅದನ್ನ ಎಣಿಸಿ, ಗೋಡೆ ಮೇಲಿನ ಪರ್ಮಿಟ್ ಓದಿ, ವರ್ಷಕ್ಕೆ ಒಂದೇ ಜಿಂಕೆ ಅಂತಿದ್ಯಲ್ರೀ, ನೀವು ಎಷ್ಟು ನೂರು ವರ್ಷ ಬದುಕ್ಬೇಕು ಅಂತಿದೀರ ಅಂತ ಕೇಳಿದ್ಲು. ಮುಕ್ಕಾಲುವಾಸಿ ಹೋಗೋದು ಪೇಪರಿಗೆ ಕಣೇ, ಪೇಪರಿಗೆ ಪರ್ಮಿಟ್ ಬೇಡ ಅಂದೆ.