ಎರಡು ಚಕ್ರಕ್ಕೆ ಏಳು ಉಪಸಮಿತಿ

ಸೈಕಲ್ಲನ್ನು ಹೊರಗೆ ತಂದು, ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಾಳಿ ಕಡಿಮೆ ಅನ್ನಿಸಿದರೆ ನಾಲ್ಕು ಸಲ ಪಂಪು ಹೊಡೆದು ಹೊರಟುಬಿಡುವುದು ಅನಾಗರಿಕರ ಕ್ರಮ. ನಾಗರಿಕರು ಕ್ಲಬ್ಬು ಕಟ್ಟಿಕೊಳ್ಳುತ್ತಾರೆ. ಕ್ಲಬ್ಬು ಇದ್ದ ಮೇಲೆ ಪದಾಧಿಕಾರಿಗಳಿರಬೇಕು, ಪದಾಧಿಕಾರಿಗಳಿದ್ದ ಮೇಲೆ ಅವರಿಗೊಂದು ಕೆಲಸವಿರಬೇಕು. ಆದ್ದರಿಂದ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ಮನೆ ಸೇರುವ, ದಿನಕ್ಕೆ 60 ಕಿಲೋಮೀಟರಿನಂತೆ ಒಟ್ಟು 120 ಕಿಲೋಮೀಟರಿನ ಪುಟ್ಟ ಪ್ರವಾಸವೊಂದಕ್ಕೆ ಮಾರ್ಗ, ಸುರಕ್ಷತೆ, ವಸತಿ, ಆಹಾರ, ಸಾಮಾನು, ಉಡುಪು ಮತ್ತು ಛಾಯಾಚಿತ್ರ ಎಂದು ಏಳು ಉಪಸಮಿತಿಗಳು ರಚನೆಯಾಗುತ್ತವೆ. ಗಂಟೆಗೆ ಬರೀ 15 ಕಿಲೋಮೀಟರಿನಂತೆ ತುಳಿದರೂ ಎಂಟು ಗಂಟೆಯಲ್ಲಿ ಮುಗಿದುಹೋಗುವ ಈ ಕಾರ್ಯಕ್ಕೆ ನಡೆಯುವ ಸಭೆಗಳ ಅವಧಿಯನ್ನೆಲ್ಲ ಕೂಡಿಸಿದರೆ, ಅಷ್ಟು ಹೊತ್ತಿನಲ್ಲಿ ಆ ದಾರಿಯನ್ನು ನಡೆದುಕೊಂಡೇ ಹೋಗಿ ಬರಬಹುದಿತ್ತು ಎಂದು ಹೇಳುವವರು ಸಂಘಟನೆಯ ಮಹತ್ವ ಅರಿಯದವರು.

ಸಭೆಯಲ್ಲಿ ಮಾರ್ಗದ ನಕ್ಷೆ ಹತ್ತೇ ನಿಮಿಷದಲ್ಲಿ ಅಂಗೀಕಾರವಾಗುತ್ತದೆ. ಶೇಕಡಾ 9ರ ಏರು ಎಂದರೆ ಮೊಣಕಾಲಿಗೆ ಏನಾಗುತ್ತದೆ, ಮಧ್ಯಾಹ್ನದ ಎದುರುಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದು ಗೊತ್ತಿರುವವರು ಇಬ್ಬರೋ ಮೂವರೋ ಇರುತ್ತಾರೆ, ಮತ್ತು ಅವರು ಮಾತನಾಡುವ ಸ್ವಭಾವದವರಲ್ಲ. ಜೆರ್ಸಿಯ ಬಣ್ಣದ ವಿಷಯ ಬಂದಾಗ ಮಾತ್ರ ಎಲ್ಲರೂ ತಜ್ಞರು. ಕಿತ್ತಳೆ ದೂರದಿಂದ ಕಾಣುತ್ತದೆ ಎಂದು ಸುರಕ್ಷತಾ ಉಪಸಮಿತಿ, ಕಿತ್ತಳೆ ಚಿತ್ರದಲ್ಲಿ ಕೆಟ್ಟದಾಗಿ ಬೀಳುತ್ತದೆ ಎಂದು ಛಾಯಾಚಿತ್ರ ಉಪಸಮಿತಿ ವಾದಿಸಿ, ಕೊನೆಗೆ ಸಂಜೆಗತ್ತಲಿನಲ್ಲಿ ಕಾಣದ, ಚಿತ್ರದಲ್ಲೂ ಚೆನ್ನಾಗಿ ಬೀಳದ ಬೂದು ಬಣ್ಣಕ್ಕೆ ಸರ್ವಾನುಮತ ದೊರೆಯುತ್ತದೆ.

ಕ್ಲಬ್ಬುಗಳೆಂದರೆ ಮೊದಲಿನಿಂದಲೂ ಹೀಗೆಯೇ ಎಂದು ಭಾವಿಸಬಾರದು. 1878ರಲ್ಲಿ ಇಂಗ್ಲೆಂಡಿನ ಹ್ಯಾರೋಗೇಟ್‌ನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿ, 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರು ಪಡೆಯಿತು. ಆಳೆತ್ತರದ ಮುಂಚಕ್ರ, ಹಿಡಿದರೆ ಹಿಡಿಯಿತು ಬಿಟ್ಟರೆ ಬಿಟ್ಟಿತು ಎನ್ನುವಂಥ ಬ್ರೇಕು, ಗಾಳಿಯಿಲ್ಲದ ಗಟ್ಟಿ ರಬ್ಬರಿನ ಟಯರು, ಇವುಗಳನ್ನು ನಂಬಿಕೊಂಡು ಹೊರಟವರಿಗೆ ಮುಂದಿನ ಇಳಿಜಾರು ಎಂಥದೆಂದು ಹೇಳುವವರು ಯಾರೂ ಇರಲಿಲ್ಲ. ಆ ಕ್ಲಬ್ಬಿನವರು ಅಪಾಯಕಾರಿ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಫಲಕ ನೆಟ್ಟರು. ದಾರಿಯ ವಸತಿಗೃಹದವರೊಡನೆ ಮಾತಾಡಿ ಸದಸ್ಯರಿಗೆ ನಿಗದಿತ ದರ ಗೊತ್ತುಮಾಡಿ, ರೆಕ್ಕೆ ಮೂಡಿದ ಚಕ್ರದ ಗುರುತನ್ನು ಆ ಮನೆಗಳ ಮುಂದೆ ತೂಗುಹಾಕಿಸಿದರು. ಅವರಿಗೆ ಮಾಡಲು ನಿಜವಾದ ಕೆಲಸವಿತ್ತು. ಈಗ ಇಳಿಜಾರಿನ ಲೆಕ್ಕ, ವಸತಿಯ ದರ, ಮಳೆಯ ಸೂಚನೆ ಎಲ್ಲವೂ ಪ್ರತಿಯೊಬ್ಬ ಸವಾರನ ಜೇಬಿನ ಫೋನಿನಲ್ಲಿ ಬಿದ್ದಿರುವುದರಿಂದ, ಇಂದಿನ ಪದಾಧಿಕಾರಿಗಳು ಕೆಲಸವನ್ನು ತಾವೇ ಹುಟ್ಟಿಸಿಕೊಳ್ಳಬೇಕಾಗಿದೆ, ಮತ್ತು ಆ ಶ್ರಮವನ್ನು ಯಾರೂ ಗುರುತಿಸುತ್ತಿಲ್ಲ ಎಂಬ ಕೊರಗು ಅವರಲ್ಲಿದೆ.

ಸಾಮಾನು ಉಪಸಮಿತಿಯ ಪಟ್ಟಿಯನ್ನೇ ನೋಡಿ. 1884ರಲ್ಲಿ ಥಾಮಸ್ ಸ್ಟೀವನ್ಸ್ ಎಂಬ ಸಾಹಸಿ ಅದೇ ಆಳೆತ್ತರದ ಚಕ್ರದ ಸೈಕಲ್ ಏರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಭೂಮಿ ಸುತ್ತಲು ಹೊರಟಾಗ ಜೊತೆಗೆ ಒಯ್ದದ್ದು ಕಾಲುಚೀಲ, ಹೆಚ್ಚುವರಿಯಾಗಿ ಒಂದು ಅಂಗಿ, ಡೇರೆಯೂ ಹಾಸಿಗೆಯೂ ಆಗಬಲ್ಲ ಒಂದು ಮಳೆಯಂಗಿ ಮತ್ತು ಒಂದು ರಿವಾಲ್ವರ್. 1886ರ ಕೊನೆಯಲ್ಲಿ ಅವನು ಜಪಾನಿನ ಯೊಕೊಹಾಮಾ ತಲುಪಿದ. ಒಂದು ರಾತ್ರಿ ಹೊರಗೆ ಮಲಗಿ ಬರುವ ಕ್ಲಬ್ಬಿನ ಪಟ್ಟಿಯಲ್ಲಿ ಬ್ಯಾಟರಿಗೆ ಬದಲಿ ಬ್ಯಾಟರಿ, ಆ ಬದಲಿಯನ್ನು ತುಂಬಿಸುವ ಇನ್ನೊಂದು ಬ್ಯಾಟರಿ, ಸವಾರಿಯ ಬೂಟು, ಸವಾರಿ ಮುಗಿದ ಮೇಲಿನ ಬೂಟು, ಅವೆರಡರ ನಡುವಿನ ಹೊತ್ತಿಗೆ ಚಪ್ಪಲಿ ಎಂದು ಸಕಲವೂ ಇದೆ. ರಿವಾಲ್ವರ್ ಒಂದು ಮಾತ್ರ ಇಲ್ಲ. ಆ ದಿನ ಕೋರಂ ಇರಲಿಲ್ಲವಂತೆ.

ಇಷ್ಟನ್ನು ಹೊರುವ ಸೈಕಲ್ಲು ಮಾತ್ರ ಹಗುರವಾಗಿರಬೇಕು. ಸೀಟಿನ ಕೆಳಗಿನ ಕಂಬಿಯಲ್ಲಿ ನೂರಿನ್ನೂರು ಗ್ರಾಂ ಉಳಿಸಲು ಸಾಲ ಮಾಡಿಯಾದರೂ ಹೊಸ ಕಂಬಿ ಹಾಕಿಸಿದ ಸದಸ್ಯರೇ, ಹ್ಯಾಂಡಲಿನ ಮೇಲೆ ತಲೆದಿಂಬಿನಷ್ಟು ದೊಡ್ಡ ಚೀಲ ಕಟ್ಟಿಕೊಂಡು, ತಲೆಗೆ ಗಾಳಿ ಸೀಳುವ ಚೂಪು ಹೆಲ್ಮೆಟ್ ಧರಿಸಿ ಬರುತ್ತಾರೆ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ವೇಗ ಮೂರು ಪಟ್ಟಾದರೆ ಶಕ್ತಿ 27 ಪಟ್ಟು ಬೇಕು. ಅಂದರೆ ಗಂಟೆಗೆ 45 ಕಿಲೋಮೀಟರಿನಲ್ಲಿ ಓಡುವ ಪಂದ್ಯದ ಸವಾರನಿಗೆ ಗಾಳಿಯೊಡನೆ ಇರುವ ಜಗಳದ 27ರಲ್ಲಿ ಒಂದು ಪಾಲು ಮಾತ್ರ 15 ಕಿಲೋಮೀಟರಿನಲ್ಲಿ ಸಾಗುವ ಪ್ರವಾಸಿಗನಿಗೆ ಇರುತ್ತದೆ. ಆ ಒಂದು ಪಾಲನ್ನೂ ಗಾಳಿಗೆ ಬಿಟ್ಟುಕೊಡಬಾರದೆಂಬುದು ಹೆಲ್ಮೆಟಿನ ಹಟ. ಚೀಲದ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಹೊರಡುವ ಮುನ್ನ ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ಸುರಕ್ಷತಾ ಉಪಸಮಿತಿಯ ಮೇರುಕೃತಿ. ಸೈಕಲ್ಲಿಗೆ ಎರಡೇ ಚಕ್ರಗಳಿರುವುದನ್ನು ನಾನು ಬಲ್ಲೆ, ರಸ್ತೆ ಗಟ್ಟಿಯಾಗಿರುವುದನ್ನು ಬಲ್ಲೆ, ಮಳೆ ಬಂದರೆ ಅದು ಜಾರುವುದೆಂದು ಬಲ್ಲೆ, ಇಷ್ಟನ್ನೆಲ್ಲ ಬಲ್ಲವನಾಗಿಯೂ ಸ್ವಇಚ್ಛೆಯಿಂದ, ಸ್ವಸ್ಥ ಚಿತ್ತದಿಂದ ಹೊರಡುತ್ತಿದ್ದೇನೆ ಎಂದು ಸವಾರನು ಅದರಲ್ಲಿ ಘೋಷಿಸುತ್ತಾನೆ. ಬಿದ್ದರೆ ಕ್ಲಬ್ಬು ಹೊಣೆಯಲ್ಲ. ಬೀಳದಿದ್ದರೆ ಅದು ಕ್ಲಬ್ಬಿನ ತರಬೇತಿಯ ಫಲ. ಬ್ರೇಕಿನ ಪ್ಯಾಡು ಸವೆದಿದೆಯೇ, ಚೈನಿಗೆ ಎಣ್ಣೆ ಬಿಟ್ಟಿದೆಯೇ ಎಂಬ ಪ್ರಶ್ನೆ ಮಾತ್ರ ಪತ್ರದಲ್ಲಿ ಎಲ್ಲಿಯೂ ಇಲ್ಲ. ಇದ್ದಿದ್ದರೆ ಯಾರಾದರೂ ಬಗ್ಗಿ ನೋಡಬೇಕಾಗುತ್ತಿತ್ತು.

ಆರು ಗಂಟೆಗೆಂದು ಗೊತ್ತುಮಾಡಿದ ಹೊರಡುವಿಕೆ ಏಳೂವರೆಗೆ ನಡೆಯುತ್ತದೆ ಎಂಬುದನ್ನು ವಿವರಿಸುವ ಅಗತ್ಯ ಕಾಣುವುದಿಲ್ಲ.

"ಯಾರನ್ನೂ ಹಿಂದೆ ಬಿಟ್ಟುಹೋಗುವುದಿಲ್ಲ" ಎಂಬುದು ಕ್ಲಬ್ಬಿನ ಘೋಷವಾಕ್ಯ. ಬೂದು ಜೆರ್ಸಿಯ ಬೆನ್ನಿನ ಮೇಲೂ ಅದೇ ಇದೆ, ಹಿಂದೆ ಬಿದ್ದವನಿಗೆ ಓದಿಕೊಳ್ಳಲು ಅನುಕೂಲವಾಗಲೆಂದು. ಇದರ ಆಚರಣೆ ಹೀಗಿದೆ. ಚುರುಕಾದವರು ಏರನ್ನು ಹತ್ತಿ ಮೇಲೆ ನಿಲ್ಲುತ್ತಾರೆ, ನೀರು ಕುಡಿಯುತ್ತಾರೆ, ಮಂಡಿ ಮಡಚಿ ಚಾಚುತ್ತಾರೆ, ನೆರಳಿನಲ್ಲಿ ಕುಳಿತು ಗೇರಿನ ಹಲ್ಲುಗಳ ಬಗ್ಗೆ ಚರ್ಚಿಸುತ್ತಾರೆ, ಒಬ್ಬಿಬ್ಬರು ಕಣ್ಣುಮುಚ್ಚಿ ಒರಗುವುದೂ ಉಂಟು. ಇಪ್ಪತ್ತು ನಿಮಿಷದ ಮೇಲೆ ಎಲ್ಲರಿಗಿಂತ ಹಿಂದಿನ ಸವಾರರು ಮುಖ ಕೆಂಪಾಗಿ, ಮಾತು ಹೊರಡದೆ, ಕೊನೆಯ ತಿರುವು ದಾಟಿ ಮೇಲೆ ಬಂದು ಒಂದು ಕಾಲನ್ನು ನೆಲಕ್ಕೆ ಊರುತ್ತಿದ್ದಂತೆಯೇ ಇಡೀ ತಂಡ ಧೂಳು ಕೊಡವಿಕೊಂಡು ಎದ್ದು, "ಬಂದಿರಾ ಸಾರ್? ಹಾಗಾದರೆ ಹೊರಡೋಣ" ಎನ್ನುತ್ತದೆ. ಹೀಗೆ ವಿಶ್ರಾಂತಿ ಬೇಡದವರಿಗೆ ದಿನವಿಡೀ ವಿಶ್ರಾಂತಿ, ಬೇಕಾದವರಿಗೆ ದಿನವಿಡೀ ಸವಾರಿ ಎಂಬ ನ್ಯಾಯ ಪ್ರತಿ ಏರಿನಲ್ಲಿಯೂ ತಪ್ಪದೆ ನಡೆಯುತ್ತದೆ, ಮತ್ತು ಸಂಜೆಯ ಹೊತ್ತಿಗೆ ಹಿಂದಿನವರು ಇನ್ನೂ ಹಿಂದೆ ಬಿದ್ದಿರುವುದನ್ನು ಕಂಡು ಅವರಿಗೆ ಅಭ್ಯಾಸ ಸಾಲದೆಂದು ಸುರಕ್ಷತಾ ಉಪಸಮಿತಿ ಟಿಪ್ಪಣಿ ಬರೆಯುತ್ತದೆ. ಕೊನೆಯವರು ಬಂದ ಕ್ಷಣದಿಂದ ವಿರಾಮದ ಲೆಕ್ಕ ಹಿಡಿಯಿರಿ ಎಂಬ ಒಂದು ಸಾಲು ಸುತ್ತೋಲೆಯಲ್ಲಿದ್ದರೆ ಸಾಕಿತ್ತು. ಪುಟಗಟ್ಟಲೆ ಸುತ್ತೋಲೆಯಲ್ಲಿ ಆ ಸಾಲಿಗೆ ಜಾಗ ದೊರೆತಿಲ್ಲ.

ಜಾಗದ ಅಭಾವಕ್ಕೆ ಬಲಿಯಾದವರು ಇನ್ನೊಬ್ಬರಿದ್ದಾರೆ. ಫ್ರಾನ್ಸಿನ ಪಾಲ್ ಡಿ ವಿವಿ ಎಂಬ ಹಿರಿಯರು 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಆರಂಭಿಸಿ, ವೆಲೋಸಿಯೋ ಎಂಬ ಅಂಕಿತದಲ್ಲಿ ಬರೆಯುತ್ತ, ಪ್ರವಾಸಿಗರಿಗೆ ಕೆಲವು ಸೂತ್ರಗಳನ್ನು ಹಾಕಿಕೊಟ್ಟರು. ಹಸಿವಾಗುವ ಮೊದಲೇ ಉಣ್ಣಿ, ಬಾಯಾರುವ ಮೊದಲೇ ಕುಡಿಯಿರಿ ಎಂಬವನ್ನು ಆಹಾರ ಉಪಸಮಿತಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿದೆ, ಅಕ್ಷರಶಃ ಪಾಲಿಸುತ್ತಲೂ ಇದೆ. ಬಡಾಯಿಗಾಗಿ ಪೆಡಲ್ ತುಳಿಯಬೇಡಿ ಎಂಬ ಕೊನೆಯ ಸೂತ್ರ ಪುಟದ ಅಂಚಿನಲ್ಲಿ ಕತ್ತರಿಸಿಹೋಗಿದೆ.

ಕತ್ತರಿಸಿಹೋದದ್ದೇ ಕ್ಷೇಮ, ಏಕೆಂದರೆ ಆ ಸೂತ್ರ ಉಳಿದಿದ್ದರೆ ಸಂಜೆ ಮಾತಾಡಲು ಏನೂ ಇರುತ್ತಿರಲಿಲ್ಲ. ಹ್ಯಾಂಡಲಿಗೆ ಕಚ್ಚಿಸಿದ ಜಿಪಿಎಸ್ ಯಂತ್ರದಲ್ಲಿ ಒಂದು ಅದ್ಭುತ ಏರ್ಪಾಡಿದೆ: ಚಕ್ರ ನಿಂತೊಡನೆ ಗಡಿಯಾರವೂ ನಿಲ್ಲುತ್ತದೆ. ನಾಲ್ಕು ಗಂಟೆ ತುಳಿದು, ಮೂರು ಗಂಟೆ ಮರದಡಿ ಕಳೆದು 60 ಕಿಲೋಮೀಟರ್ ಮುಗಿಸಿದವರ ಸರಾಸರಿ ವೇಗ ಗೋಡೆಯ ಗಡಿಯಾರದ ಪ್ರಕಾರ ಗಂಟೆಗೆ ಒಂಬತ್ತನ್ನೂ ಮುಟ್ಟುವುದಿಲ್ಲ. ಯಂತ್ರದ ಪ್ರಕಾರ ಸೊಗಸಾಗಿ 15. ಏರಿದ ಎತ್ತರದ ವಿಷಯವಂತೂ ಇನ್ನೂ ಸ್ವಾರಸ್ಯಕರ. ಕೆಲವು ಯಂತ್ರಗಳು ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತವೆ, ಕೆಲವು ನಕ್ಷೆಯಲ್ಲಿ ಬರೆದಿದ್ದನ್ನು ನೋಡಿ ಹೇಳುತ್ತವೆ. ಆದ್ದರಿಂದ ಪಕ್ಕಪಕ್ಕದಲ್ಲೇ ಸಾಗಿದ ಇಬ್ಬರು ಬೇರೆ ಬೇರೆ ಬೆಟ್ಟ ಹತ್ತಿರುತ್ತಾರೆ. ಯಾರ ಬೆಟ್ಟ ನಿಜ ಎಂಬ ಚರ್ಚೆ ರಾತ್ರಿ ಊಟ ಆರಿದ ಮೇಲೂ ಮುಂದುವರಿಯುತ್ತದೆ. ಬೆಟ್ಟದ ಮೇಲಿನಿಂದ ಏನು ಕಂಡಿತೆಂದು ಯಾರಾದರೂ ಕೇಳಿದರೆ ಛಾಯಾಚಿತ್ರ ಉಪಸಮಿತಿಯ ಕಡೆಗೆ ಕೈ ತೋರಿಸಲಾಗುತ್ತದೆ.

ಭಾನುವಾರ ಬೆಳಿಗ್ಗೆ, ವೇಳಾಪಟ್ಟಿಯ ಅನುಮತಿಯಿಲ್ಲದೆ, ಒಬ್ಬರ ಹಿಂದಿನ ಟಯರು ಪಂಕ್ಚರಾಗುತ್ತದೆ. 1913ರ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರ ಸೈಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಕವಲು ಮುರಿದಾಗ ಅದನ್ನು ಹೊತ್ತು ಬೆಟ್ಟ ಇಳಿದು, ಕಮ್ಮಾರನ ಕುಲುಮೆಯಲ್ಲಿ ನಿಯಮದಂತೆ ತಾನೇ ಬೆಸುಗೆ ಹಾಕಿಕೊಂಡ. ಹುಡುಗನೊಬ್ಬ ತಿದಿ ಒತ್ತಿದ್ದಕ್ಕೆ, ಹೊರಗಿನ ನೆರವು ಪಡೆದನೆಂದು ಅವನಿಗೆ ದಂಡ ಬಿತ್ತು. ಅಂಥ ನಿಯಮ ಕ್ಲಬ್ಬಿನಲ್ಲಿದ್ದರೂ ಯಾರಿಗೂ ದಂಡ ಬೀಳಲಾರದು, ಏಕೆಂದರೆ ಸುತ್ತ ನಿಂತವರೆಲ್ಲ ಸಲಹೆಯನ್ನಷ್ಟೇ ಕೊಡುತ್ತಾರೆ. ಸಾಮಾನು ಉಪಸಮಿತಿಯ ಪೆಟ್ಟಿಗೆಯಿಂದ ಪಂಪು ಬಂತು. ಅದರ ಬಾಯಿ ದಪ್ಪ ವಾಲ್ವಿನದು, ಟ್ಯೂಬಿನದು ಸಪೂರ ವಾಲ್ವು. ಬದಲಿ ಟ್ಯೂಬುಗಳು ಬಂದವು. ಎಲ್ಲವೂ ಒಂದೇ ಅಳತೆಯವು, ಆ ಅಳತೆಯ ಚಕ್ರ ತಂಡದಲ್ಲಿ ಯಾರದೂ ಅಲ್ಲ. ಆಗ ಸಭೆಗಳಿಗೆ ಎಂದೂ ಬಾರದ, ಜೆರ್ಸಿಯನ್ನೂ ಕೊಳ್ಳದ ಹಿರಿಯ ಸದಸ್ಯರೊಬ್ಬರು ಅಂಗಿಯ ಜೇಬಿನಿಂದ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆಯ ತಿರುಪೊಂದನ್ನು ತೆಗೆದು ದಪ್ಪ ಬಾಯಿಯ ಪಂಪು ಹಿಡಿಯುವಂತೆ ಸಪೂರ ವಾಲ್ವಿಗೆ ಕೂರಿಸಲೆಂದು ಪಕ್ಕಕ್ಕಿಟ್ಟು, ಮೊದಲು ಟಯರಿನ ಒಳಮೈಯಲ್ಲಿ ಬೆರಳನ್ನು ಮೆಲ್ಲಗೆ ಸುತ್ತ ಆಡಿಸಿ, ಸಿಕ್ಕ ಮುಳ್ಳನ್ನು ಉಗುರಿನಿಂದ ಕಿತ್ತು, ತೂತಿನ ಸುತ್ತ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರುವವರೆಗೆ ಪ್ಯಾಚನ್ನು ಕೈಯಲ್ಲಿ ಹಿಡಿದು ಕುಳಿತರು. ಆತುರಪಟ್ಟರೆ ಅಂಟುವುದಿಲ್ಲ ಎಂದದ್ದು ಬಿಟ್ಟರೆ ಅವರು ಆಡಿದ ಮಾತು ಬೇರೆ ಇಲ್ಲ.

ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಮಾಡಲು ಕೆಲಸವಿಲ್ಲದೆ ಉಳಿದವರು ನೆಲದಲ್ಲಿ ಕುಳಿತರು, ಹಿಂದಿನ ಸವಾರರು ಮೊದಲ ಬಾರಿಗೆ ಕಾಲು ಚಾಚಿ ಕುಳಿತರು, ಹೆಸರು ಮಾತ್ರ ಗೊತ್ತಿದ್ದವರು ಊರುಕೇರಿ ವಿಚಾರಿಸಿಕೊಂಡರು, ಉಡುಪು ಉಪಸಮಿತಿಯೂ ಛಾಯಾಚಿತ್ರ ಉಪಸಮಿತಿಯೂ ಒಂದೇ ಬಾಟಲಿಯಿಂದ ನೀರು ಕುಡಿದು ನಕ್ಕದ್ದನ್ನು ನೋಡಿದವರಿದ್ದಾರೆ. ಯಂತ್ರಗಳೆಲ್ಲ ತಾವಾಗಿ ನಿಂತುಹೋಗಿದ್ದರಿಂದ ಈ ಮುಕ್ಕಾಲು ಗಂಟೆ ಯಾರ ದಾಖಲೆಯಲ್ಲಿಯೂ ಇಲ್ಲ.

ಪ್ರವಾಸದ ನಂತರದ ಪರಾಮರ್ಶನಾ ಸಭೆಯಲ್ಲಿ ಸದಸ್ಯರು ತುಂಬಿಕೊಟ್ಟ ಅಭಿಪ್ರಾಯ ಪತ್ರಗಳನ್ನು ತೆರೆದಾಗ, ಅತ್ಯಂತ ಆನಂದದಾಯಕ ಭಾಗ ಯಾವುದೆಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಪಂಕ್ಚರ್ ಎಂದು ಬರೆದಿದ್ದರು. ಪದಾಧಿಕಾರಿಗಳು ಇದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಮುಂದಿನ ಪ್ರವಾಸದ ಕರಡು ವೇಳಾಪಟ್ಟಿಯಲ್ಲಿ ಎರಡನೆಯ ದಿನ 10.15ರಿಂದ 11ರವರೆಗೆ "ಅನಿರೀಕ್ಷಿತ ಪಂಕ್ಚರ್" ಎಂದು ನಮೂದಾಗಿದ್ದು, ಸೂಕ್ತ ಮರವನ್ನು ಮುಂಚಿತವಾಗಿ ಗುರುತಿಸುವ ಹೊಣೆಯನ್ನು ಮಾರ್ಗ ಉಪಸಮಿತಿಗೆ ವಹಿಸಲಾಗಿದೆ. ಮುಳ್ಳನ್ನು ಒದಗಿಸಲು ಎಂಟನೆಯ ಉಪಸಮಿತಿ ರಚನೆಯಾಗಲಿದೆ. ಆಸಕ್ತರು ತಮ್ಮ ಹೆಸರನ್ನು ಕಾರ್ಯದರ್ಶಿಯವರಲ್ಲಿ ನೋಂದಾಯಿಸಬೇಕೆಂದು, ಹಿತ್ತಾಳೆಯ ತಿರುಪಿನ ಹಿರಿಯರು ಮಾತ್ರ ದಯವಿಟ್ಟು ಒಂದು ಸಭೆಗಾದರೂ ಬರಬೇಕೆಂದು ಕೋರಲಾಗಿದೆ.