ಕಾಲು ತೋರಿಸು

ಫ್ರೀ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಕೋಲಾರದ ಹತ್ತಿರ ಕೆರೆ ಏರಿ ಪಕ್ಕ ಒಂದು ಪಾರ್ಕಿದೆ, ಮೇಕೆ ಮೊಲ ಎಲ್ಲ ಮುಟ್ಟಬಹುದಂತೆ, ಎಲ್ಲ ಫ್ರೀ ಅಂತೆ ಎಂದು ಹೆಂಡತಿ ಶನಿವಾರ ರಾತ್ರಿ ಹೇಳಿದಾಗಲೂ ಮುಟ್ಟಿ ನೋಡಿಕೊಂಡೆ.

ಪಾರ್ಕು ಫ್ರೀಯೇ, ಸುಳ್ಳಲ್ಲ. ಗಾಡಿ ನಿಲ್ಲಿಸೋಕೆ 30 ರೂಪಾಯಿ. ಕ್ಯಾರೆಟ್ ತುಂಡಿನ ಪೊಟ್ಟಣ 20. ಮೊದಲನೇ ಪೊಟ್ಟಣ ಮಗಳೇ ತಿಂದಳು, ಹಾಗಾಗಿ ಇನ್ನೊಂದು 20. ಮೊಲದ ಗೂಡಿನ ಮೇಲೆ 'ಮೊಲಗಳಿಗೆ ಕ್ಯಾರೆಟ್ ಹಾಕಬೇಡಿ' ಅಂತ ಬೋರ್ಡು. ಆ ಗೂಡಿಗೇ ಒರಗಿಕೊಂಡು ಕ್ಯಾರೆಟ್ ಮಾರೋನು ಕೂತಿದ್ದ. ಇದೇನಪ್ಪಾ ಅಂತ ಕೇಳಿದೆ. "ಅದು ಮೊಲಕ್ಕೆ ಸರ್, ನೀವು ಮೇಕೆಗೆ ಹಾಕಿ" ಅಂದ. ಬೋರ್ಡು ಬರೆಸಿದವರ ತಪ್ಪಿಲ್ಲ. ಮೊಲಕ್ಕೆ ಬೇಕಾದ್ದು ಹುಲ್ಲು. ಹುಲ್ಲು ಯಾರೂ ಮಾರುತ್ತಿರಲಿಲ್ಲ.

ಅಮ್ಮ ಕಲ್ಲುಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. "ಮದುವೆಯಾದಾಗಿಂದ ಮೇಕೆ ಹಿಂದೆ ತಿರುಗಿದ್ದು ಸಾಲ್ದಾ? ಇಲ್ಲೂ ಬಂದು ಮುಟ್ಟಬೇಕಾ?" ಅಂದರು. ಅಷ್ಟರಲ್ಲಿ ಮಗಳು ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಅಮ್ಮನ ಕೈ ಸುಮ್ಮನಿರಬೇಕಲ್ಲ. ಮರಿಯ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಬಾಲ ಎತ್ತಿದರು. "ಜಂತು ಆಗೈತೆ. ಔಷಧಿ ಕುಡಿಸಿಲ್ಲ ಇವ್ರು." ಅಷ್ಟು ಹೇಳಿ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಹೆಂಡತಿ ಸ್ಯಾನಿಟೈಸರ್ ಹಿಡಿದುಕೊಂಡು ನಿಂತೇ ಇದ್ದಳು.

ಕೆರೆ ಮಾತ್ರ ತುಂಬಿತ್ತು. ನಮ್ಮ ಕಡೆಯವರಿಗೆ ತುಂಬಿದ ಕೆರೆ ನೋಡಿದರೆ ಈಗಲೂ ನಂಬಿಕೆ ಬರುವುದಿಲ್ಲ. ನಾವು ನೋಡಿದ ಕೆರೆ ಅಂದರೆ ಸೀಮೆಜಾಲಿ ಕಾಡು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನವರು ಬಚ್ಚಲಲ್ಲಿ ಬಿಟ್ಟದ್ದನ್ನು ಶುದ್ಧ ಮಾಡಿ ಪೈಪಿನಲ್ಲಿ ನಮಗೆ ಕಳಿಸಿದ ನೀರು. ಎರಡು ಹಂತ ಶುದ್ಧ ಮಾಡಿದರೆ ಸಾಕೋ, ಮೂರನೇದೂ ಬೇಕೋ ಅಂತ ಕೋರ್ಟಿನವರೆಗೂ ಜಗಳ ಹೋಯಿತು. ಈಗ ಭಾನುವಾರ ಬೆಂಗಳೂರಿನವರು ಕಾರು ಮಾಡಿಕೊಂಡು ಬಂದು ತಮ್ಮ ನೀರಿನ ಜೊತೆ ತಾವೇ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಹೋಗುವಾಗ ಚಿಪ್ಸ್ ಕವರ್ ಬಿಟ್ಟು ಹೋಗುತ್ತಾರೆ. ಅದನ್ನು ಶುದ್ಧ ಮಾಡೋಕೆ ಯಾವ ಹಂತವೂ ಇಲ್ಲ.

ಜನ ಇಷ್ಟು ದೂರ ಬಂದು ಪ್ರಾಣಿ ಯಾಕೆ ಮುಟ್ಟುತ್ತಾರೆ ಅನ್ನೋದರ ಬಗ್ಗೆ ನಾನೊಂದು ಮಾತು ಹೇಳಬೇಕು ಅಂತಿದ್ದೆ. ಹೇಳುತ್ತೇನೆ. ಅದಕ್ಕೆ ಮೊದಲು ಎಮು.

ಮೇಕೆ ಅಂಗಳ ದಾಟಿದರೆ ಕೊನೆಯಲ್ಲಿ ಒಂದು ಮೆಶ್ ಬೇಲಿ. ಒಳಗೆ ಕೆಸರಲ್ಲಿ ಒಂದೇ ಒಂದು ಎಮು, ಆ ಆಳೆತ್ತರದ ಆಸ್ಟ್ರೇಲಿಯಾ ಹಕ್ಕಿ, ಕೂತಿತ್ತು. ನೋಡಿದ ತಕ್ಷಣ ನಮ್ಮ ಭಾವ ನೆನಪಾದರು.

ಭಾವನ ಊರು ಮುಳಬಾಗಿಲು ಕಡೆ. 2010ರಲ್ಲಿ ಬೋರ್‌ವೆಲ್ ಕೈ ಕೊಟ್ಟು, ಹಿಪ್ಪುನೇರಳೆ ಒಣಗಿ, ರೇಷ್ಮೆ ಬಿಟ್ಟು ಸುಮ್ನೆ ಕೂತಿದ್ದರು. ಆಗ ಒಬ್ಬ ಟೈ ಕಟ್ಟಿಕೊಂಡು ಬಂದ. ಎಮು ಎಣ್ಣೆ, ಎಮು ಮಾಂಸ, ಎಮು ಚರ್ಮ, ಬಿಸಾಡುವಂಥದ್ದು ಏನೂ ಇಲ್ಲ, ಮೊಟ್ಟೆಯನ್ನು ನಾವೇ ಕೊಳ್ಳುತ್ತೇವೆ ಅಂದ. ಅಕ್ಕನ ಸರ ಅಡ ಇಟ್ಟು ಭಾವ ಮೂರು ಜೋಡಿ ಮರಿ ತಂದರು. ಊರೆಲ್ಲ ಬಂದು ನೋಡಿತು. ಒಂದು ವರ್ಷ ಕಳೆದ ಮೇಲೆ ಚಳಿಗಾಲದಲ್ಲಿ ಮೊಟ್ಟೆ ಬಂತು. ಕಡು ಹಸಿರು, ಅರ್ಧ ಕೆಜಿಗೂ ಜಾಸ್ತಿ ತೂಕ. ಹೆಣ್ಣು ಮೊಟ್ಟೆ ಇಟ್ಟು ತನ್ನ ಪಾಡಿಗೆ ತಿರುಗುತ್ತೆ. ಗಂಡು ಸುಮಾರು ಎಂಟು ವಾರ ಊಟ ಬಿಟ್ಟು ಕಾವು ಕೂರುತ್ತೆ. ಅಕ್ಕ ಇದನ್ನು ಭಾವನಿಗೆ ದಿನಾ ತೋರಿಸುತ್ತಿದ್ದಳು.

ಮೊದಲ ಸಲ ಕಂಪನಿಯವರು ಬಂದು ಮೊಟ್ಟೆ ತೆಗೆದುಕೊಂಡು ಹೋದರು. ಎರಡನೇ ಸಲ ಭಾವನೇ ಹೋದರು. ಆಫೀಸಿಗೆ ಬೀಗ. ಮುಂದೆ ಇನ್ನೂ ಹತ್ತಾರು ಜನ, ಎಲ್ಲರ ಕೈಯಲ್ಲೂ ಹಸಿರು ಮೊಟ್ಟೆ. ಮನೆಗೆ ಬಂದು ಒಂದು ಒಡೆದು ಆಮ್ಲೆಟ್ ಹಾಕಿದರು. ಒಂದು ಮೊಟ್ಟೆಗೆ ಹನ್ನೆರಡು ಕೋಳಿ ಮೊಟ್ಟೆಯ ಲೆಕ್ಕ. ಮನೆಯಲ್ಲಿ ತಿಂದವರು ಒಬ್ಬರೇ, ಭಾವ. ಸಿಟ್ಟಿಗೆ ತಿಂದರು.

ಆ ಗಂಡುಗಳಲ್ಲಿ ಒಂದು ಮಹಾ ಕಳ್ಳ. ಹೊಳೆಯೋದು ಏನು ಕಂಡರೂ ನುಂಗುತ್ತಿತ್ತು. ಅಕ್ಕ ಬಗ್ಗಿ ಮೇವು ಹಾಕುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಬೀರುವಿನ ಬೀಗದ ಕೈ ಎಳೆದು ಗುಳುಂ ಮಾಡಿತು. ಎಂಟು ದಿನ ಅಕ್ಕ ಕಡ್ಡಿ ಹಿಡಿದು ಅದರ ಹಿಕ್ಕೆ ಕೆದಕಿದಳು. ಬರಲಿಲ್ಲ. ಕೊನೆಗೆ ಬೀರು ಒಡೆಸಿದರು. ಒಳಗೆ ಕಂಪನಿಯ ಅಗ್ರಿಮೆಂಟ್ ಪತ್ರ ಭದ್ರವಾಗಿತ್ತು.

ಅದೇ ಎಮು ಒಂದು ದಿನ ಬೇಲಿ ಹಾರಿತು. ಹಾರುವಾಗ ಎಡಗಾಲಿನ ನಡುಬೆರಳು ಮೆಶ್‌ಗೆ ಸಿಕ್ಕಿ ಉಗುರು ಕಿತ್ತುಬಂತು. ನಾನೂ ಭಾವನೂ ಟಿವಿಎಸ್ ಮೇಲೆ ಹಿಂದೆ ಬಿದ್ದೆವು. ಎಮು ಗಂಟೆಗೆ 50 ಕಿಲೋಮೀಟರ್ ಓಡುತ್ತೆ. ಇಬ್ಬರು ಕೂತ ಟಿವಿಎಸ್ ಓಡಲ್ಲ. ಅದು ಒಣಗಿದ ಕೆರೆಯೊಳಗೆ ಇಳಿಯಿತು, ನಾವೂ ಇಳಿದೆವು. ಸೀಮೆಜಾಲಿ ಮುಳ್ಳಿಗೆ ಎರಡು ಚಕ್ರವೂ ಪಂಕ್ಚರ್. ತಳ್ಳಿಕೊಂಡು ಕತ್ತಲಾಗುವ ಹೊತ್ತಿಗೆ ಮನೆ ಸೇರಿದರೆ, ಎಮು ನಮಗಿಂತ ಮೊದಲೇ ಬಂದು ಮೇವು ತಿನ್ನುತ್ತಿತ್ತು.

2013ರಲ್ಲಿ ಉಳಿದಿದ್ದ ನಾಲ್ಕನ್ನೂ ಯಾರೋ ಲಾರಿಯವನಿಗೆ ಪುಕ್ಕಟೆ ಕೊಟ್ಟರು. ಫ್ರೀ. ಸರ ಬಿಡಿಸೋಕೆ ಇನ್ನೂ ಮೂರು ವರ್ಷ ಬೇಕಾಯಿತು. ಈಗ ಭಾವ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿಗೆ ಎಷ್ಟು ಸಿಕ್ಕಿತು ಅಂತ ಕೇಳಿದರೆ ಎಮುನೇ ವಾಸಿ ಅನ್ನುತ್ತಾರೆ.

ಬೇಲಿ ಹತ್ತಿರ ನಿಂತು ಅವರಿಗೆ ವಿಡಿಯೋ ಕಾಲ್ ಮಾಡಿದೆ. ಮಾತಾಡದೆ ಫೋನನ್ನು ಎಮು ಕಡೆ ತಿರುಗಿಸಿದೆ. ಭಾವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಸಣ್ಣಗಾಗವ್ನೆ" ಅಂದರು.

"ಭಾವ, ಇದು ಯಾವುದೋ ಬೇರೆ."

"ಇಪ್ಪತ್ತು ವರ್ಷ ಬದುಕ್ತವೆ ಕಣಪ್ಪ ಅವು. ಕಾಲು ತೋರ್ಸು. ಎಡಗಾಲು."

ಕಾಲು ಕೆಸರಲ್ಲಿತ್ತು. ಉಳಿದಿದ್ದ ಕ್ಯಾರೆಟ್ ಎಸೆದೆ. ಏಳಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು. ಎಮು ಕುತ್ತಿಗೆ ತಿರುಗಿಸಿ, ಫೋನನ್ನೂ ನನ್ನ ವಾಚನ್ನೂ ನೋಡಿತು. ನಾನು ವಾಚು ಇದ್ದ ಕೈ ಹಿಂದಕ್ಕೆ ಕಟ್ಟಿಕೊಂಡೆ. ಮುಚ್ಚೋ ಟೈಮ್ ಆಯಿತು ಅಂತ ಕಾವಲುಗಾರ ಸೀಟಿ ಊದಿದ. ಕಾಲು ಕಾಣಲಿ, ಕಟ್ ಮಾಡಬೇಡ ಅಂತ ಭಾವ ಕೂಗುತ್ತಿದ್ದರು. ಹಿಂದಿನಿಂದ, ಅಡುಗೆಮನೆ ಕಡೆಯಿಂದ, ಅಕ್ಕನ ದನಿ ಬಂತು.

"ಕಾಲು ಆಮೇಲೆ ನೋಡ್ಕೊಳ್ರಿ. ಬೀಗದ ಕೈ ಏನ್ಮಾಡ್ದೆ ಅಂತ ಕೇಳೋ ಅದನ್ನ."